ಚಹಾದಲ್ಲಿ ಬಾಡಿಸಿದ ಮಲ್ಲಿಗೆ

ಕಾಗದದ ಹೂ ಮಾಡಲು ನನಗೆ ಬರುತ್ತದೆ ಎಂಬ ಸಂಗತಿಯನ್ನು ನೌಕರಿಯಲ್ಲಿದ್ದಷ್ಟು ಕಾಲ ಮುಚ್ಚಿಟ್ಟಿದ್ದೆ. ಕಚೇರಿಯಲ್ಲಿ ನನ್ನನ್ನು ಕಂಡರೆ ಜನ ಎದ್ದು ನಿಲ್ಲುತ್ತಿದ್ದರು. ಹೂವಿನ ಸುದ್ದಿ ತಿಳಿದಿದ್ದರೆ ಅರ್ಧ ಎದ್ದು ಮತ್ತೆ ಕೂಡುತ್ತಿದ್ದರೇನೋ. ಟಿಕೋಟಾದಲ್ಲಿ ಸಣ್ಣವನಿದ್ದಾಗ ಅವ್ವನಿಂದ ಕಲಿತ ವಿದ್ಯೆ ಅದು. ನಿವೃತ್ತಿಯ ನಂತರ ಎದ್ದು ನಿಲ್ಲುವವರು ಯಾರೂ ಉಳಿಯದ್ದರಿಂದ, ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ರಾಜಾರೋಷವಾಗಿ ಕತ್ತರಿ ಹಿಡಿದು ಕುಳಿತೆ.

ಹೀಗಿರುವಾಗ ತಂಗಿಯ ಮಗಳು ಬಬಲೇಶ್ವರದ ಗಂಡನ ಮನೆಯಿಂದ ಫೋನು ಮಾಡಿದಳು. ಅವಳಿಗೆ ಏಳನೆಯ ತಿಂಗಳು. ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಗಿತ್ತು. ಸೀರೆ, ರವಿಕೆಯ ಕಣ, ಹೂವಿನ ದಂಡಿ, ಇಷ್ಟನ್ನು ತವರಿನವರು ಒಯ್ಯಬೇಕು. ದಂಡಿಯೆಂದರೆ ಹಣೆಯ ಮೇಲಿಂದ ಎರಡೂ ಕಿವಿಯವರೆಗೆ ಬಸುರಿಯ ತಲೆಗೆ ಕಟ್ಟುವ ಹೂವಿನ ಪಟ್ಟಿ. ಅದನ್ನು ಕಟ್ಟಿಸಿಕೊಂಡು, ಆರತಿ ಮುಗಿದು ಉಡಿ ತುಂಬುವವರೆಗೆ ಅಲುಗಾಡದೆ ಕೂಡಬೇಕು.

“ಮಾಮಾ, ಮಲ್ಲಿಗಿ ವಾಸನಿ ಬಂದ್ರ ಸಾಕು, ಹೊಟ್ಟಿ ತೊಳಸತೈತಿ. ಮೊನ್ನೆ ಪೂಜಾದಾಗ ಅತ್ತಿ ಮಾಲಿ ಕೊಟ್ರು, ನಾ ಬಚ್ಚಲಕ್ಕ ಓಡಿದೆ. ಅಷ್ಟಕ್ಕ ನಿಡೋಣಿಯಿಂದ ಬಂದಿದ್ದ ಅತ್ತಿಯವರ ಅಕ್ಕ ಮಾರಿ ಸೊಟ್ಟ ಮಾಡಿದ್ರು. ದಂಡಿ ಅಂದ್ರ ಮೂಗಿನ ಮ್ಯಾಲೆ ಬಂದು ಕೂಡತೈತಿ. ಆರತ್ಯಾಗ ವಾಂತಿ ಮಾಡ್ಕೊಂಡ್ರ ಎಲ್ಲಾರ ಮುಂದ ನನ್ನ ಮಾನಾ ಹೋಗತೈತಿ. ಕಾಗದದ್ದು ಮಾಡಿಕೊಡ್ರಿ.”

“ನಿಮ್ಮ ಅತ್ತಿಗೆ ಹೇಳಿದ್ರ ಆಗೂದಿಲ್ಲೇನು?”

“ಬೇಕಾರ ನೀವ ಹೇಳ್ರಿ.”

ಅವಳ ಅತ್ತೆಯನ್ನು ನಾನು ಮದುವೆಯಲ್ಲಿ ನೋಡಿದ್ದೆ. ದಂಡಿ ಮಾಡುವುದೇ ಸುಲಭವೆಂದು ತೀರ್ಮಾನಿಸಿದೆ.

ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಬಿಳಿ, ಕೆಂಪು, ಹಸಿರು ಸುಕ್ಕು ಕಾಗದ ಕೊಂಡೆ. ಎಸಳು ಕತ್ತರಿಸಿ, ಹೆಬ್ಬೆರಳಿನಿಂದ ನಡುವೆ ಹೊಟ್ಟೆ ಉಬ್ಬಿಸಿ, ಅಂಚನ್ನು ಸೂಜಿಗೆ ಸುತ್ತಿ ಹೊರಳಿಸಬೇಕು. ಮೊದಲ ಗುಲಾಬಿಯನ್ನು ಹೆಂಡತಿಯ ಮುಂದೆ ಹಿಡಿದೆ. ಆಕೆ ಕನ್ನಡಕ ಏರಿಸಿ ನೋಡಿ, “ಉಳ್ಳಾಗಡ್ಡಿ ಚಲೋ ಬಂದೈತಿ” ಎಂದಳು. ನಮ್ಮ ಮನೆಯಲ್ಲಿ ಆಕೆಯ ತೀರ್ಪಿಗೆ ಮೇಲ್ಮನವಿಯಿಲ್ಲ. ಬಿಚ್ಚಿ ಮತ್ತೆ ಸುತ್ತಿದೆ. ಮಲ್ಲಿಗೆಗೆ ಬಿಳಿ ಕಾಗದವನ್ನು ಬೆರಳ ತುದಿಯಲ್ಲಿ ಹೊಸೆದು, ತೊಟ್ಟಿಗೆ ಹಸಿರು ಸುತ್ತಿ, ದಾರದಲ್ಲಿ ಒತ್ತೊತ್ತಾಗಿ ಕಟ್ಟಿದೆ. ದಂಡಿ ಮುಗಿದ ದಿನ ಮನಸ್ಸಿನಲ್ಲಿಯೇ ನನಗೆ ನಾನು ಶಾಲು ಹೊದಿಸಿಕೊಂಡೆ.

“ಸಿಕ್ಕಿ ಬೀಳತೀರಿ,” ಎಂದಳು ಹೆಂಡತಿ. “ಈ ಬಿಸಲಾಗ ಬಬಲೇಶ್ವರ ಮುಟ್ಟೂದ್ರಾಗ ಯಾವ ಹೂ ಹಿಂಗ ಇರತೈತ್ರಿ? ನಾಕು ಬಾಡಿದ್ದೂ ಇರಬೇಕು.”

ಮಾತಿನಲ್ಲಿ ಸತ್ಯವಿತ್ತು. ಆರಿದ ಚಹಾದಲ್ಲಿ ಕಡ್ಡಿ ಅದ್ದಿ ಕೆಲವು ಮೊಗ್ಗುಗಳ ಅಂಚು ಕಂದಿಸಿದೆವು; ಒಂದೆರಡು ಎಸಳನ್ನು ಜೋಲು ಬೀಳಿಸಿದೆವು. ಬಾಡಿಸುವುದರಲ್ಲಿ ನಮ್ಮಿಬ್ಬರಿಗೂ ಇಷ್ಟು ಪ್ರತಿಭೆಯಿದೆಯೆಂದು ಆವರೆಗೆ ಗೊತ್ತಿರಲಿಲ್ಲ.

ಕುಬಸದ ದಿನ ಟಿಕೋಟಾದಿಂದ ತಂಗಿ ಬಂದಳು. ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು. ಬಾಳೆ ಎಲೆಯಲ್ಲಿ ಸುತ್ತಿದ ದಂಡಿಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಕುಬಸದಲ್ಲಿ ಗಂಡಸರಿಗೆ ಊಟದ ಹೊರತು ಉದ್ಯೋಗವಿಲ್ಲ. ಆದರೂ ಒಳಗಿನದು ಕಾಣುವಂತೆ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಸಿಕೊಂಡೆ.

ಹೆಂಡತಿ ದಂಡಿ ಕಟ್ಟಿದಳು. ಅತ್ತೆ ಹತ್ತಿರ ಬಂದು ಮೂಗು ಅರಳಿಸಿದರು.

“ಏನ ಹೂವೋ ಏನೋ, ವಾಸನಿನ ಇಲ್ಲ. ಬರೇ ಗೊಬ್ಬರಾ ಹಾಕಿ ಬೆಳಸ್ತಾರ.”

“ಹೌದ್ರಿ, ಈಗ ಎಲ್ಲಾ ಕಲಬೆರಕಿ,” ಎಂದಳು ನನ್ನ ಹೆಂಡತಿ, ಕಣ್ಣು ಮಿಟುಕಿಸದೆ.

ಗೆದ್ದೆವೆಂದುಕೊಂಡೆ. ಅಷ್ಟರಲ್ಲಿ ಅತ್ತೆಯ ದೃಷ್ಟಿ ಚಹಾದ ಮೊಗ್ಗುಗಳ ಮೇಲೆ ಬಿತ್ತು. “ಬಿಸಲಿಗೆ ಬಾಡ್ಯಾವ. ತಡೀರಿ,” ಎಂದವರೇ ನೀರಿನ ಚರಿಗೆಯಲ್ಲಿ ಕೈ ಅದ್ದಿ, ನಮ್ಮ ಕಡೆ ಹೂ ಕಂಡಲ್ಲಿ ಹೆಣ್ಣುಮಕ್ಕಳು ಯೋಚಿಸದೆ ಮಾಡುವಂತೆ, ದಂಡಿಯ ತುಂಬ ನೀರು ಚಿಮುಕಿಸಿದರು.

ಮೊದಲು ಒಂದು ಕೆಂಪು ಹನಿ ಹುಡುಗಿಯ ಹಣೆಗೆ ಇಳಿಯಿತು. “ಕುಂಕುಮ ಇಳದೈತಿ ನೋಡ್ರಿ,” ಎಂದು ನಿಡೋಣಿಯ ಅಕ್ಕ ಸೆರಗಿನಿಂದ ಒರೆಸಿದರು. ಹಿಂದೆಯೇ ಹಸಿರು ಇಳಿಯಿತು. ಹಸಿರು ಕುಂಕುಮವನ್ನು ನೆರೆದವರಲ್ಲಿ ಯಾರೂ ನೋಡಿರಲಿಲ್ಲ. ಹಾಡುತ್ತಿದ್ದವರು ನಿಲ್ಲಿಸಿದರು. ಅತ್ತೆ ಒಂದು ಗುಲಾಬಿ ಮುಟ್ಟಿದರು. ಅದು ಮುದ್ದೆಯಾಗಿ ಬೆರಳಿಗೆ ಬಂತು.

“ಇದು ಕಾಗದ.”

ನಾನು ಕುರ್ಚಿಯಿಂದ ಎದ್ದೆ. ಯಾವ ಕಡೆ ಹೋಗಬೇಕೆಂಬುದು ನಿರ್ಧಾರವಾಗದೆ ನಿಂತೇ ಇದ್ದೆ.

“ನಾನ ಹೇಳಿ ಮಾಡಸೇನ್ರಿ ಅತ್ತಿ,” ಎಂದಳು ಹುಡುಗಿ, ಮೂಗಿನ ತುದಿಯಲ್ಲಿ ಬಣ್ಣ ತೊಟ್ಟಿಕ್ಕುತ್ತಿರಲು. “ಹೂವಿನ ವಾಸನಿಗೆ ವಾಂತಿ ಬರತೈತ್ರಿ. ನಿಮಗ ಹೇಳಾಕ ಅಂಜಿಕಿ ಆತು.”

ಅತ್ತೆ ಬೆರಳಿನ ಮುದ್ದೆಯನ್ನು ಸೆರಗಿಗೆ ಒರೆಸಿಕೊಂಡರು.

“ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ನನಗ ನಮ್ಮ ಮಾವನ ಬೀಡಿ ವಾಸನಿಗೆ ಬರತಿತ್ತು. ಯಾರಿಗೆ ಹೇಳ್ಲಿ? ದಿನಾ ಮೂಗಿಗೆ ಸೆರಗ ಹಿಡದು ಅಡ್ಡಾಡೇನಿ. ಎಲ್ಲಾರೂ ಏನ್ ಮರ್ಯಾದಿ ಹೆಣ್ಮಗಳು ಅಂತ ಹೊಗಳಿದ್ರು.” ಆಮೇಲೆ ಸುತ್ತಲೂ ನೋಡಿ, “ಎಲ್ಲಾರೂ ಹೆರಳಾಗಿನ ಹೂ ತಗದು ಹೊರಗ ಕೊಡ್ರಿ,” ಎಂದರು.

“ಮುತ್ತೈದೇರು ತಲ್ಯಾಗಿನ ಹೂ ತಗೀತಾರೇನ ಬೇ?” ಎಂದರು ನಿಡೋಣಿಯ ಅಕ್ಕ.

“ಹುಡುಗಿ ವಾಂತಿ ಮಾಡಿದ್ರ ನೀ ಬಳೀತಿ ಏನು?”

ಎಲ್ಲರಿಗಿಂತ ಮೊದಲು ಹೂ ತೆಗೆದವರು ಆ ಅಕ್ಕನೇ. ಹೂವಿನ ಬುಟ್ಟಿಯನ್ನು ಹತ್ತಿರ ನಿಂತಿದ್ದ ಗಂಡಸಾದ ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಕಳಿಸಿದರು. ದಂಡಿಯನ್ನು ಫ್ಯಾನಿನ ಕೆಳಗೆ ಹಿಡಿದು, ಅರ್ಧ ಒಣಗಿದ್ದನ್ನೇ ಮತ್ತೆ ಕಟ್ಟಿದರು. ಕೆಂಪು ಹಸಿರು ಹಣೆಯೊಂದಿಗೇ ಹುಡುಗಿ ಆರತಿ ಮಾಡಿಸಿಕೊಂಡಳು, ಒಮ್ಮೆಯೂ ಓಕರಿಸಲಿಲ್ಲ. ಶೇಂಗಾದ ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡಳು.

ಊಟದ ಪಂಕ್ತಿಯಲ್ಲಿ ಅತ್ತೆ ತುಪ್ಪದ ಗಿಂಡಿ ಹಿಡಿದು ನನ್ನ ಮುಂದೆ ನಿಂತರು.

“ಅಲ್ರಿ ಬೀಗರ, ಕಾಗದದ್ದು ಮಾಡಿದ್ರಿ, ಇರ್ಲಿ. ಬಾಡಿದ್ದು ಯಾಕ ಮಾಡಿದ್ರಿ?”

“ಖರೇ ಕಾಣ್ಲಿ ಅಂತ್ರಿ.”

“ಖರೇ ಹೂವಾದ್ರೂ ತವರಮನಿಯವ್ರು ಬಾಡಿದ್ದು ತರ್ತಾರೇನ್ರಿ? ಎಂಥಾ ಜೀನ ಮಂದಿ, ಹಳೇ ಹೂ ತಂದಾರ ಅಂತ ನಾ ಮನಸಿನ್ಯಾಗ ಅನಕೊಂಡಿದ್ದೆ.”

ಉತ್ತರಕ್ಕಾಗಿ ಹೆಂಡತಿಯ ಕಡೆ ನೋಡಿದೆ. ಆಕೆ ಬದನೆಕಾಯಿ ಪಲ್ಯದ ಗಹನವಾದ ಅಧ್ಯಯನದಲ್ಲಿ ಮುಳುಗಿದ್ದಳು. ಅತ್ತೆ ಗಿಂಡಿ ಬಗ್ಗಿಸಿ ನನ್ನ ಹೋಳಿಗೆಗೆ ತುಪ್ಪ ಬಡಿಸಿದರು, ಉಳಿದವರಿಗಿಂತ ತುಸು ಕಡಿಮೆ.