ಮಧ್ಯಾಹ್ನ ಬರುತ್ತಿದ್ದ ಹುಡುಗಿ

ನಮ್ಮ ಅತ್ತೆ ಆ ಹುಡುಗಿಯ ಮಾತನ್ನು ಮೊದಲ ಸಲ ಎತ್ತಿದ್ದು ದೀಪಾವಳಿ ಕಳೆದ ವಾರ. ಕ್ಯಾಂಪ್ ಬಡಾವಣೆಯಲ್ಲಿರುವ ನನ್ನ ಕಚೇರಿಯಿಂದ ಬಸ್ಸು ಹಿಡಿದು ಕೋಥರೂಡಿನ ಮನೆಗೆ ಬಂದು, ಚಪ್ಪಲಿ ಬಿಟ್ಟು, ಮೊದಲು ಅವರ ಕೋಣೆಗೆ ಇಣುಕಿದೆ. ದಿನವೂ ಆ ಹೊತ್ತಿಗೆ ನಿದ್ದೆಯಲ್ಲಿರುತ್ತಿದ್ದವರು ಅಂದು ಮಂಚದ ಮೇಲೆ ನೆಟ್ಟಗೆ ಕೂತಿದ್ದರು.

"ಈಗ ಹೋದ್ಳು ನೋಡವಾ," ಎಂದರು. "ನೀ ಸ್ವಲ್ಪ ಲಗೂನ ಬಂದಿದ್ರ ಸಿಗ್ತಿದ್ಳು."

"ಯಾರ್ರಿ ಅತ್ತಿ?"

"ಆ ಹುಡುಗಿ. ದಿನಾ ಬರ್ತಾಳಲ್ಲ, ಆಕಿ."

ನಾನು ಹೆದರಲಿಲ್ಲ. ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷವಾಗಿತ್ತು. ಎಂದೋ ತೀರಿಹೋದ ಮಾವನವರಿಗೆ ಚಹಾ ಕೊಟ್ಟಿರೇನು ಎಂದು ಅವರು ಕೇಳುವುದು, ಬಾಗಲಕೋಟೆಯ ತವರಿನ ಎಮ್ಮೆಯನ್ನು ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಹುಡುಕುವುದು ನಮಗೆಲ್ಲ ರೂಢಿಯಾಗಿತ್ತು. ಎದುರು ಮಾತಾಡಬೇಡಿ, ಹೂಂ ಅನ್ನಿ ಎಂದು ಡಾಕ್ಟರು ಹೇಳಿದ್ದರು. ನಾನು ಹೂಂ ಅಂದೆ.

ಆಗ ಮನೆಯಲ್ಲಿ ನಾವು ನಾಲ್ವರು. ಯಜಮಾನರು ಬೆಳಗಿನ ಆರಕ್ಕೇ ಚಾಕಣದ ಕಾರ್ಖಾನೆಯ ಬಸ್ಸು ಹತ್ತುವರು. ಮಗಳು ಹನ್ನೆರಡನೇ ತರಗತಿ. ಮೆಡಿಕಲ್ ಪ್ರವೇಶ ಪರೀಕ್ಷೆಯ ಕ್ಲಾಸಿಗೆಂದು ಏಳಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಅತ್ತೆಯನ್ನು ನೋಡಿಕೊಳ್ಳಲು ಒಬ್ಬ ಮರಾಠಿ ಹೆಂಗಸು ಬರುತ್ತಿದ್ದಳು, ಮಾವಶಿ ಎಂದು ಕರೆಯುತ್ತಿದ್ದೆವು. ಸ್ನಾನ, ಊಟ, ಗುಳಿಗೆ ಎಲ್ಲ ಮುಗಿಸಿ, ಮಲಗಿಸಿ, ಒಂದಕ್ಕೆ ಬಾಗಿಲು ಎಳೆದುಕೊಂಡು ಹೋಗುವಳು. ಅಲ್ಲಿಂದ ನಾನು ಬರುವವರೆಗೆ ನಾಲ್ಕೂವರೆ ತಾಸು ಅತ್ತೆ ಒಬ್ಬರೇ. ಇದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಯಾವಾಗಲೂ ಒಬ್ಬರು ಇರ್ತಾರೆ ಅನ್ನುತ್ತಿದ್ದೆ.

ಮರುವಾರ ಒಂದು ಸಂಜೆ ಬಂದು ನೋಡುತ್ತೇನೆ, ಅತ್ತೆಯ ತಲೆಯಲ್ಲಿ ಎರಡು ಜಡೆ. ಎಪ್ಪತ್ತೊಂಬತ್ತು ವರ್ಷದ ಮುದುಕಿಯ ತೆಳ್ಳನೆ ಬಿಳಿ ಕೂದಲನ್ನು ನಡುವೆ ಬೈತಲೆ ತೆಗೆದು, ಬಿಗಿಯಾಗಿ ಹೆಣೆದು, ಶಾಲೆಗೆ ಹೊರಟ ಹುಡುಗಿಯರ ಹಾಗೆ ಮೇಲಕ್ಕೆ ಮಡಚಿ ಕಟ್ಟಿತ್ತು. ಅವರು ಕನ್ನಡಿ ಹಿಡಿದು ನಗುತ್ತಿದ್ದರು. ಆ ನಗು ನನಗೆ ಹೊಸದು.

ಮಾವಶಿಯದೇ ಕೆಲಸ ಅಂದುಕೊಂಡು ಮರುದಿನ ಬೆಳಿಗ್ಗೆ ಕೇಳಿದೆ. ಅವಳ ಮುಖ ಬಿಳಿಚಿತು. ತಾನು ಎಂದಿನಂತೆ ತುರುಬು ಕಟ್ಟಿಯೇ ಹೋದದ್ದು ಎಂದಳು. ಆಮೇಲೆ ದನಿ ತಗ್ಗಿಸಿ, "ತಾಈ, ಘರಾತ ಕೋಣೀತರೀ ಆಹೇ," ಅಂದಳು. ಮನೆಯಲ್ಲಿ ಯಾರೋ ಇದ್ದಾರೆ. ತಾನು ತೊಳೆದು ಬೋರಲು ಹಾಕಿದ ಲೋಟ ಮರುದಿನ ಬೇರೆ ಕಡೆ ಇರುತ್ತದಂತೆ. ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ದಿಂಬು ಬಿದ್ದಿರುತ್ತದಂತೆ, ನಡುವೆ ತಲೆ ಇಟ್ಟ ಗುಳಿ ಹಾಗೇ ಇರುತ್ತದಂತೆ. ತಾನು ಒಂದಕ್ಕೆ ಮೆಟ್ಟಿಲು ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿ ಯಾರೋ ಉಸಿರು ಹಿಡಿದು ನಿಂತ ಹಾಗೆ ಅನಿಸುತ್ತದಂತೆ. ಮೇಲೆ ನೀರಿನ ಟಾಕಿ ಬಿಟ್ಟರೆ ಏನೂ ಇಲ್ಲ. ಅಂದೇ ಅವಳು ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ನಾನು ಬೇಡ ಅನ್ನಲಿಲ್ಲ.

ಆ ವಾರ ಅತ್ತೆಯನ್ನು ಕೂರಿಸಿಕೊಂಡು ಕೇಳಿದೆ. "ಹುಡುಗಿ ಯಾರ್ರಿ? ಹೆಸರೇನಂತ?"

ಅವರು ನನ್ನನ್ನೇ ಹುಚ್ಚಿಯಂತೆ ನೋಡಿದರು. "ನನ್ನ ತಂಗೀನ ನನಗ ಗುರ್ತ ಸಿಗಂಗಿಲ್ಲೇನು?"

ನನ್ನ ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅತ್ತೆಗೆ ತಂಗಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಯಜಮಾನರನ್ನು ಕೇಳಿದೆ. ಅವರು ತಟ್ಟೆಯ ಮೇಲಿನ ಕೈ ತೆಗೆದು, ಅದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: ಇದ್ದಳು. ಹದಿನೇಳು ವರ್ಷದವಳು ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮನೆಯಿಂದ ಹೋದಳು, ಜೀವಂತವಾಗಿ ತಿರುಗಿ ಬರಲಿಲ್ಲ. ಏನಾಯಿತೆಂದು ಆ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವಳ ಫೋಟೊ ಕೂಡ ಉಳಿಸಲಿಲ್ಲ. "ನಾ ಸಣ್ಣವಿದ್ದಾಗ ಒಂದ ಸಲ ಕೇಳಿದ್ದೆ. ಅವ್ವ ಕಪಾಳಕ್ಕ ಹೊಡದಿದ್ಳು," ಎಂದರು.

ಅಂದಿನಿಂದ ಆ ಕೋಣೆಗೆ ಹೋಗುವಾಗ ನನ್ನ ಬೆನ್ನು ತಣ್ಣಗಾಗುತ್ತಿತ್ತು. ಹೊರಗೆ ಬಿಸಿಲು, ಕೆಳಗೆ ಸ್ಕೂಟರುಗಳ ಸದ್ದು, ತರಕಾರಿ ಮಾರುವವನ ಕೂಗು. ಆ ಕೋಣೆಯಲ್ಲಿ ಮಾತ್ರ ಯಾರೋ ಈಗಷ್ಟೇ ಎದ್ದುಹೋದ ಹಾಗೆ ಗಾಳಿ ಬೆಚ್ಚಗಿರುತ್ತಿತ್ತು. ಅತ್ತೆ ದಿನಕ್ಕೊಂದು ಹೇಳುವರು.

"ಓದಿದ್ದು ಕಣ್ಣಿಗೆ ಕಾಣ್ತದಂತ, ತಲಿಗೆ ಹೋಗೂದಿಲ್ಲಂತ."

"ಎದಿ ಡಬಡಬ ಹೊಡ್ಕೋತದಂತ. ಕೈ ಬೆವರ್ತಾವಂತ. ಮಂದಿ ನಡುವ ಕೂಡಾಕ ಆಗೂದಿಲ್ಲಂತ."

ಒಂದು ಸಂಜೆ ಚಹಾ ಬಟ್ಟಲು ಹಿಡಿದುಕೊಂಡು, ತೀರ ಸಹಜವಾಗಿ: "ನಾ ಇಲ್ಲದಿದ್ರ ಎಲ್ಲಾರಿಗೂ ಹಗುರ ಆಗ್ತದ ಅಂತಾಳ. ಏನ್ ಹೇಳ್ಲಿ ಆಕಿಗೆ?"

ನಾಲ್ಕನೇ ತರಗತಿಗೇ ಶಾಲೆ ಬಿಡಿಸಿದ ಆ ತಂಗಿ ಓದಿನ ಮಾತು ಯಾಕೆ ಆಡುತ್ತಾಳೆಂದು ಯಜಮಾನರು ಒಮ್ಮೆ ಅಂದರು. ಅಲ್ಲಿಗೇ ನಾವಿಬ್ಬರೂ ತಡೆದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅವರಿಗೆ ಮರುದಿನ ಬೆಳಗಿನ ಬಸ್ಸು, ನನಗೆ ಕುಕ್ಕರ್.

ಮಗಳು ಈ ಮಾತುಗಳು ಬಂದಾಗಲೆಲ್ಲ ತಲೆ ತಗ್ಗಿಸುವಳು. ಒಮ್ಮೆ ಊಟಕ್ಕೆ ಕೂತಾಗ ಅತ್ತೆ, "ನಾಳೆ ಬರ್ತೇನಂದಾಳ," ಎಂದರು. ಮಗಳ ಕೈಯಲ್ಲಿದ್ದ ಚಪಾತಿ ತುಂಡು ಅಲ್ಲೇ ನಿಂತಿತು. ಅವಳು ಅಜ್ಜಿಯ ಮುಖವನ್ನೇ ನೋಡಿದಳು. ಅಜ್ಜಿಯ ಕಣ್ಣು ಅವಳ ಮೇಲೆ ಹಾಯ್ದು ಗೋಡೆಗೆ ಹೋಯಿತು, ಅಲ್ಲಿ ಯಾರೂ ಕೂತೇ ಇಲ್ಲವೆಂಬಂತೆ. ಪಾಪ, ದೆವ್ವದ ಮಾತಿಗೆ ಹೆದರಿದ್ದಾಳೆ, ಪರೀಕ್ಷೆಯ ವರ್ಷ ಅಂದುಕೊಂಡೆ. ಮಗಳ ಮುಂದೆ ಆ ವಿಷಯ ಎತ್ತಬೇಡಿ ಎಂದು ಯಜಮಾನರಿಗೆ ಹೇಳಿದೆ.

ಅದಾಗಿ ಎರಡು ದಿನಕ್ಕೆ, ಕಚೇರಿಗೆ ಹೋಗುವಾಗ ಸಿಗ್ನಲಿನಲ್ಲಿ ನನ್ನ ಬಸ್ಸಿನ ಪಕ್ಕ ಊರ ಆಚೆ ತುದಿಯ ಯೆರವಡಾದಿಂದ ಬರುವ ಬಸ್ಸು ನಿಂತಿತು. ಅದರ ಕಿಟಕಿಗೆ ತಲೆ ಆನಿಸಿ ನನ್ನ ಮಗಳು ಕೂತಿದ್ದಳು. ನಮ್ಮಿಬ್ಬರ ನಡುವೆ ಒಂದು ಮೊಳ ಜಾಗ. ನಾನು ಗಾಜು ಬಡಿದೆ. ಅವಳು ನನ್ನ ಕಡೆಗೇ ನೋಡಿದಳು, ಆದರೆ ನನ್ನನ್ನು ಕಾಣಲಿಲ್ಲ. ಕಣ್ಣು ತೆರೆದಿತ್ತು, ಅಷ್ಟೇ. ಬಸ್ಸು ಹೊರಟುಹೋಯಿತು. ಫೋನು ತೆಗೆದು ಮೆಸೇಜ್ ಹಾಕಿದೆ: ಎಲ್ಲಿದ್ದೀ? ಕೂಡಲೇ ಉತ್ತರ ಬಂತು: ಕ್ಲಾಸಿನಲ್ಲಿ, ಮಮ್ಮಿ. ನಾನು ನನ್ನ ಕಣ್ಣನ್ನು ಬಿಟ್ಟು ಆ ಎರಡು ಪದವನ್ನು ನಂಬಿದೆ. ನನಗೂ ಅತ್ತೆಯ ರೋಗ ಅಂಟಿತೇನೋ ಎಂದುಕೊಂಡು ಇಡೀ ದಿನ ಫೈಲಿನ ಮೇಲೆ ಕಣ್ಣಿಟ್ಟು ಕೂತೆ.

ಮುಂದಿನ ಗುರುವಾರ ಮಧ್ಯಾಹ್ನ ಮೂರಕ್ಕೆ, ಯಾಕೋ ತಡೆಯಲಾಗದೆ, ಮನೆಯ ಫೋನಿಗೆ ಕರೆ ಮಾಡಿದೆ. ಅದು ಅತ್ತೆಯ ಮಂಚದ ಬಳಿ ಇರುತ್ತದೆ, ಅವರು ಎತ್ತುವುದಿಲ್ಲ. ನಾಲ್ಕನೇ ರಿಂಗಿಗೆ ಯಾರೋ ಎತ್ತಿದರು. ಮಾತಿಲ್ಲ. ಉಸಿರು ಮಾತ್ರ. ಅದು ಮುದುಕಿಯ ಉಸಿರಲ್ಲ. ದೂರದಿಂದ ಅತ್ತೆಯ ದನಿ ಕೇಳಿಸಿತು: "ಯಾರದು? ನಿನ್ನ ಕರಿಯಾಕ ಬಂದಾರೇನು? ಹೋಗಬ್ಯಾಡ, ಕುಂದ್ರು." ಫೋನು ಕಟ್ಟಾಯಿತು.

ಸಾಹೇಬರಿಗೆ ಏನು ಹೇಳಿ ಹೊರಟೆನೋ ನೆನಪಿಲ್ಲ. ರಿಕ್ಷಾ ಹಿಡಿದೆ. ಮೂರನೇ ಮಹಡಿಗೆ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಮಾವಶಿ ಹೇಳಿದ ಉಸಿರು ನನ್ನ ಹಿಂದೆಯೇ ಹತ್ತುತ್ತಿತ್ತು. ಬಾಗಿಲು ಸದ್ದಿಲ್ಲದೆ ತೆಗೆದೆ. ಪರದೆಗಳೆಲ್ಲ ಎಳೆದಿದ್ದವು. ಅತ್ತೆಯ ಕೋಣೆಯಲ್ಲಿ ಎರಡು ದನಿ.

ಒಂದು ಅತ್ತೆಯದು. ಇನ್ನೊಂದು ನಾನು ಎಂದೂ ಕೇಳದ ದನಿ. ಏರಿಳಿತವಿಲ್ಲದ, ಬಾವಿಯೊಳಗಿಂದ ಬಂದಂಥ ದನಿ. ಗೋಡೆ ಹಿಡಿದು ನಿಂತೆ.

"ಇವತ್ತ ಭಾಳ ಆಗ್ಯದ," ಅಂದಿತು ಆ ದನಿ. "ಇನ್ನ ಸಾಕನಿಸ್ತದ."

"ಎಲ್ಲಿ ಹೋಗ್ತಿ? ನನ್ನೂ ಕರ್ಕೊಂಡ ಹೋಗ್ತೀಯೇನು?"

"ಇಲ್ಲ."

"ಹಂಗಾರ ನೀನೂ ಹೋಗಬ್ಯಾಡ. ಅವತ್ತ ನಾ ಮಲ್ಕೊಂಡಿದ್ದೆ. ಈಗ ಎಚ್ಚರ ಇದ್ದೇನಿ. ನಾಳೆ ಬಾ. ಜಡಿ ಹಾಕು. ಬರ್ತೀಯಿಲ್ಲೊ? ಕೈಮ್ಯಾಲ ಕೈ ಇಟ್ಟು ಹೇಳು."

ಮಂಚ ಕಿರುಗುಟ್ಟಿತು. ಆಮೇಲೆ ಆ ದನಿ, "ಬರ್ತೇನಿ, ಅಜ್ಜಿ," ಅಂದಿತು. ಅಜ್ಜಿ ಎಂಬ ಆ ಒಂದು ಶಬ್ದದಿಂದ ನನಗೆ ಗುರುತು ಸಿಕ್ಕಿತು.

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ದನಿ ನನಗೆ ಗೊತ್ತಾಗಿರಲಿಲ್ಲ. ದೆವ್ವದ ಭಯ ಹಾರಿಹೋಯಿತು. ಅದರ ಜಾಗಕ್ಕೆ ಬಂದ ಭಯಕ್ಕೆ ಹೋಲಿಸಿದರೆ ದೆವ್ವವೇ ಮೇಲಾಗಿತ್ತು.

ಒಳಗೆ ಹೋದೆ. ನೆಲದ ಮೇಲೆ, ಮಂಚಕ್ಕೆ ಒರಗಿ, ಕ್ಲಾಸಿನ ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ, ಅಳಲಿಲ್ಲ. "ಸಾರಿ ಮಮ್ಮಿ," ಎಂದಳು. ಬೈಯುವುದಕ್ಕೆ ನನ್ನ ಬಾಯಿಗೆ ಬಂದದ್ದು ಬೇಕಾದಷ್ಟಿತ್ತು. ಯಾವುದನ್ನೂ ಆಡದೆ ಅವಳ ಪಕ್ಕ ನೆಲದ ಮೇಲೆ ಕೂತೆ. ನನ್ನ ಜೀವನದಲ್ಲಿ ನಾನು ಮಾಡಿದ ಸರಿಯಾದ ಕೆಲಸಗಳಲ್ಲಿ ಅದೊಂದು.

ಅಂದು ಸಂಜೆ ಯಜಮಾನರು ಬರುವುದರೊಳಗೆ ಅವಳು ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಕ್ಲಾಸಿಗೆ ಹೋಗುವುದು ನಿಂತು ಏಳು ವಾರವಾಗಿತ್ತು. ಪ್ರತಿ ವಾರ ಅಂಕದ ಪ್ರಕಾರ ಬೆಂಚು ಬದಲಾಯಿಸುವರಂತೆ. ಕೊನೆಯ ಬೆಂಚಿಗೆ ಬಂದ ದಿನ ಉಸಿರು ಕಟ್ಟಿ ಹೊರಗೆ ಓಡಿದವಳಿಗೆ ಮತ್ತೆ ಒಳಗೆ ಹೋಗಲಾಗಲಿಲ್ಲ. ಗೈರುಹಾಜರಿಯ ಮೆಸೇಜು ನಮಗೆ ಬಂದಿರಲಿಲ್ಲ. ಫಾರ್ಮು ತುಂಬಲು ನನಗೆ ಪುರುಸೊತ್ತಿಲ್ಲದೆ ಅವಳಿಗೇ ಕೊಟ್ಟಿದ್ದೆ, ಪಾಲಕರ ನಂಬರಿನ ಜಾಗದಲ್ಲಿ ಅವಳದೇ ನಂಬರಿತ್ತು. ಬೆಳಗಿನ ಹೊತ್ತು ಬಸ್ಸಿನಲ್ಲಿ ಊರ ಈ ತುದಿಯಿಂದ ಆ ತುದಿಗೆ ತಿರುಗುವಳು. ಒಂದರ ಹೊತ್ತಿಗೆ ಬಂದು ಟಾಕಿಯ ಬಳಿ ನಿಂತು, ಮಾವಶಿ ಇಳಿದ ಮೇಲೆ ತನ್ನ ಕೀಲಿಯಿಂದ ಒಳಗೆ ಬರುವಳು. ಐದಕ್ಕೆ ಮತ್ತೆ ಹೊರಗೆ.

"ನನಗ ಯಾಕ ಹೇಳಲಿಲ್ಲ?" ಎಂದೆ.

"ಅಜ್ಜಿಗೆ ಹೇಳಿದ್ರ ಮರ್ತು ಬಿಡ್ತಾಳ. ಆಕಿಗೆ ನೋವಾಗೂದಿಲ್ಲ," ಅಂದಳು. ಸ್ವಲ್ಪ ತಡೆದು, "ಆಕಿ ಒಬ್ಬಾಕಿನ ದಿನಾ ನಾಳೆ ಬಾ ಅಂತಿದ್ಳು," ಅಂದಳು.

ಮರುದಿನವೇ ನಾವು ಮೂವರೂ ಮನೋವೈದ್ಯರ ಬಳಿ ಹೋದೆವು. ಅವರು ಮಗಳ ಜೊತೆ ಒಂದು ತಾಸು ಮಾತಾಡಿದರು. ಔಷಧ ಕೊಟ್ಟರು, ವಾರಕ್ಕೊಮ್ಮೆ ಆಪ್ತಸಮಾಲೋಚಕಿಯನ್ನು ಕಾಣಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಗಿದ್ದೀರಿ? ಇಬ್ಬರನ್ನು ನೋಡಿಕೊಳ್ಳುತ್ತೀರಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ಅಷ್ಟು ಸಣ್ಣ ಪ್ರಶ್ನೆ. ಮೂರು ವರ್ಷದಿಂದ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕುರ್ಚಿಯಲ್ಲಿ ಕೂತೇ ಅತ್ತುಬಿಟ್ಟೆ. ಯಜಮಾನರು ಮೇಜಿನ ಮೇಲಿದ್ದ ಪೇಪರ್‌ವೆಯ್ಟನ್ನು ತಿರುಗಿಸುತ್ತ ಕೂತರು. ನೋಡಿದರೆ ಅವರ ಕಣ್ಣೂ ಒದ್ದೆ.

ಆ ವರ್ಷ ಮಗಳು ಪರೀಕ್ಷೆಗೆ ಕೂರಲಿಲ್ಲ. ನಮ್ಮ ಕಟ್ಟಡದ ಸೊಸೈಟಿಯಲ್ಲಿ ಕೇಳಿದವರಿಗೆಲ್ಲ ಆರೋಗ್ಯ ಸರಿಯಿಲ್ಲ ಎಂದು ನೇರವಾಗಿ ಹೇಳಿದೆವು. ಮಾವಶಿಯನ್ನು ಸಂಜೆಯವರೆಗೆ ಇರಲು ಒಪ್ಪಿಸಿದೆವು. ಹುಡುಗಿ ಯಾರೆಂದು ತಿಳಿದ ಮೇಲೆ ಅವಳು ಮಗಳ ತಲೆ ನೇವರಿಸಿ, ತನಗೆ ಆದ ಹೆದರಿಕೆಗೆ ತಾನೇ ನಕ್ಕಳು. ತಿಂಗಳಿಗೊಮ್ಮೆ, ಹಿರಿಯರನ್ನೋ ಮಕ್ಕಳನ್ನೋ ನೋಡಿಕೊಳ್ಳುವವರು ಒಂದೆಡೆ ಸೇರಿ ಮಾತಾಡುವ ಕಡೆ ನಾನು ಹೋಗತೊಡಗಿದೆ. ನಾಲ್ಕೂವರೆ ತಾಸಿನ ಆ ಸುಳ್ಳನ್ನು ಮೊದಲ ಸಲ ಒಪ್ಪಿಕೊಂಡದ್ದು ಅಲ್ಲಿ. ಯಾರೂ ಮುಖ ತಿರುಗಿಸಲಿಲ್ಲ. ಒಬ್ಬಾಕೆ, ನಮ್ಮಲ್ಲಿ ಆರು ತಾಸು ರೀ, ಅಂದರು.

ಅತ್ತೆಗೆ ಮಾತ್ರ ವಿವರಿಸಲಾಗಲಿಲ್ಲ. ಈಗ ಮಗಳು ಬೆಳಕಿನಲ್ಲೇ, ಎಲ್ಲರೆದುರಿಗೆ ಅವರ ಬಳಿ ಕೂರುತ್ತಾಳೆ. ಅವರು ಅವಳನ್ನು ಮೊಮ್ಮಗಳು ಎಂದೇ ಒಮ್ಮೊಮ್ಮೆ ಗುರುತಿಸುತ್ತಾರೆ. ಆ ಗುರುತು ಸಿಕ್ಕ ದಿನವೇ, "ನನ್ನ ತಂಗಿ ಯಾಕ ಬರಲಿಲ್ಲ, ನೀ ಎಲ್ಲೆರ ಕಂಡಿಯೇನು?" ಎಂದು ಅವಳನ್ನೇ ಕೇಳುತ್ತಾರೆ. "ಆರಾಮ ಇದ್ದಾಳ ಅಜ್ಜಿ, ಬರ್ತಾಳ," ಎಂದು ಅವಳು ಹೇಳುವುದನ್ನು ಬಾಗಿಲ ಹೊರಗೆ ನಿಂತು ಕೇಳಿದಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಸಾಯುವ ವಿಚಾರ ಬರುತ್ತದೆಯೇ ಎಂದು ಮಗಳನ್ನು ಸುತ್ತುಬಳಸದೆ ಕೇಳಿ ಎಂದು ಸಮಾಲೋಚಕಿ ನನಗೆ ಹೇಳಿಕೊಟ್ಟಿದ್ದಾರೆ. ಕೇಳಿದರೆ ಆ ವಿಚಾರ ಹುಟ್ಟುವುದಿಲ್ಲ, ಒಳಗಿದ್ದರೆ ಹೊರಗೆ ಬರುತ್ತದೆ, ಅಷ್ಟೇ ಎಂದರು. ಮೊದಲ ಸಲ ಕೇಳುವಾಗ ನನ್ನ ನಾಲಿಗೆ ಹೊರಳಲಿಲ್ಲ. ಈಗ ಹೊರಳುತ್ತದೆ. ಹೆಚ್ಚಿನ ದಿನ ಅವಳು ಇಲ್ಲ ಅನ್ನುತ್ತಾಳೆ. ಕಳೆದ ಸೋಮವಾರ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಕೇಳಿದೆ. ಈಗ ಅವಳು ಬೇರೆ ಕಾಲೇಜು, ಬೇರೆ ವಿಷಯ.

"ಇವತ್ತ ಸ್ವಲ್ಪ ಅದ, ಮಮ್ಮಿ," ಎಂದಳು, ರಸ್ತೆ ನೋಡುತ್ತ.

ನನ್ನ ಬಸ್ಸು ಬಂತು. ಕಂಡಕ್ಟರು ನನ್ನ ಮುಖ ನೋಡಿ ಬೆಲ್ ಬಾರಿಸದೆ ಒಂದು ಕ್ಷಣ ಕಾದ. ನಾನು ಹತ್ತಲಿಲ್ಲ. ಕಚೇರಿಗೆ ಫೋನು ಮಾಡಿದೆ, ನಂತರ ಸಮಾಲೋಚಕಿಗೆ. ಹನ್ನೊಂದಕ್ಕೆ ಬನ್ನಿ ಎಂದರು. ಅಲ್ಲಿಯವರೆಗೆ ನಾವಿಬ್ಬರೂ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಕೂತೆವು. ಅವಳು ಒಂದು ತಿಂದಳು. ಇನ್ನೊಂದನ್ನು ಬಹಳ ಹೊತ್ತು ಚಮಚದಲ್ಲಿ ತುಂಡು ಮಾಡುತ್ತ ಕೂತು, ಕೊನೆಗೆ ಅದನ್ನೂ ತಿಂದಳು.