ಒರೆಸಿದರೆ ಓಡಿಹೋಗುವ ದೇಶ

ಮಲಾವಿ ದೇಶದ ಸಲೀಮಾ ಊರಿನ ಕಂಬಲಾಮೆ ಮೇಷ್ಟ್ರನ್ನು ತಕ್ಕಡಿಗೆ ಹಾಕಿದರೆ ಅರ್ಧ ಮೂಟೆ ಜೋಳಕ್ಕೂ ಸಮನಾಗಲಾರರು. ಅದರಲ್ಲೂ ಕಾಲುಭಾಗ ಸೀಮೆಸುಣ್ಣದ ಧೂಳು. ಅಂಥವರ ಭೂಗೋಳದ ತರಗತಿಗೆ, ಮುಟ್ಟಿದರೆ ನಕ್ಷೆ ಜರುಗುವ ಹೊಸ ಹಲಗೆಯೊಂದು ಬಂತು. ಅದನ್ನು ಬಳಸಲು ಬಾರದಿದ್ದರೆ ಬೇರೆ ಶಾಲೆಗೆ ಸಾಗಿಸುವುದೆಂದು ತೀರ್ಮಾನವಾಗಿ, ಪರೀಕ್ಷಿಸಲು ಇನ್‌ಸ್ಪೆಕ್ಟರಮ್ಮ ಬಂದು ಕೂತರು.

ಪಾಠ ಚೆನ್ನಾಗಿಯೇ ಸಾಗಿತು. ಮುಗಿದೊಡನೆ ಮೇಷ್ಟ್ರು ಹಳೇ ರೂಢಿಯಂತೆ ಡಸ್ಟರ್ ತೆಗೆದುಕೊಂಡು ಹಲಗೆ ಒರೆಸಿಬಿಟ್ಟರು. ಮಲಾವಿ ಸರ್ರನೆ ಜಾರಿಹೋಗಿ, ಹಲಗೆಯ ತುಂಬ ನೀಲಿ ಸಮುದ್ರವಷ್ಟೇ ಉಳಿಯಿತು.

"ದೇಶಾನೇ ಒರೆಸಿಬಿಟ್ರಲ್ಲ, ಬಾಂಬೋ," ಅಂದರು ಇನ್‌ಸ್ಪೆಕ್ಟರಮ್ಮ, ಗಂಡಸರನ್ನು ಗೌರವದಿಂದ ಕರೆಯುವ ನಮ್ಮ ಕಡೆಯ ಮಾತಿನಲ್ಲಿ.

ಹಲಗೆ ಕೈತಪ್ಪಿತೆಂದೇ ಮೇಷ್ಟ್ರು ಬಗೆದರು. ಅಷ್ಟರಲ್ಲಿ ನನ್ನ ಮಗಳು ತಿಯಾಮಿಕೆ ಎದ್ದು ನಿಂತಳು.

"ದಿನಾ ಹಿಂಗೇ ಮಾಡ್ತಾರೆ, ಮೇಡಂ. ಆಮೇಲೆ ನಾವೇ ಹುಡುಕ್ಕೊಡೋದು. ಸಾರ್, ಪಶ್ಚಿಮಕ್ಕೆ ಹೋಗಿ. ಮಡಗಾಸ್ಕರ್ ಬಂತಾ? ಅಲ್ಲೇ ನಿಂತ್ಕೋಬೇಡಿ, ಮೊಜಾಂಬಿಕ್ ದಾಟಿ. ಹಾಂ, ಅದೇ ನಮ್ಮ ಸರೋವರ."

ತರಗತಿಯೆಲ್ಲ ದಾರಿ ಹೇಳಿತು, ಮೇಷ್ಟ್ರ ಬೆರಳು ವಿಧೇಯವಾಗಿ ನಡೆಯಿತು, ಮಲಾವಿ ಮರಳಿ ಬಂತು.

"ಹಲಗೆ ಇಲ್ಲೇ ಇರ್ಲಿ," ಅಂದರು ಇನ್‌ಸ್ಪೆಕ್ಟರಮ್ಮ, ನಗು ತಡೆದುಕೊಂಡು. "ಡಸ್ಟರೂ ಇರ್ಲಿ."

ತನ್ನ ದೇಶ ಜಗತ್ತಿನಲ್ಲಿ ಎಲ್ಲಿದೆಯೆಂದು ನನ್ನ ಮಗಳಿಗೆ ಕಲಿಸಿದ್ದಕ್ಕೆ ನಾನು ಕಂಬಲಾಮೆ ಮೇಷ್ಟ್ರಿಗೆ ಋಣಿ.