ನಾನು ಕಟ್ಟಿದ ಮೊದಲ ಗೋಬರ್ ಗ್ಯಾಸ್ ಗುಂಡಿ

ಎಂಬತ್ತರ ದಶಕದ ಕೊನೆಯಲ್ಲಿ ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಸಾಲುಮನೆಗಳಲ್ಲಿ ಯಾವ ಮನೆಗೆ ಹೋದರೂ ಒಂದೇ ಮಾತು: ಗಣಿ ಇನ್ನೆಷ್ಟು ದಿನ? ಅಪ್ಪ ಗಣಿಯೊಳಗೆ ಕೆಲಸಕ್ಕಿದ್ದರು. ನಾನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಅರ್ಜಿ ಹಾಕಿ ಹಾಕಿ ಬೇಸತ್ತಿದ್ದೆ. ಮನೆಯಲ್ಲಿ ಕೂತರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಬಂಗಾರಪೇಟೆಯ ಸಮುದಾಯ ತರಬೇತಿ ಕೇಂದ್ರದಲ್ಲಿ ಗೋಬರ್ ಗ್ಯಾಸ್ ಕಟ್ಟುವುದನ್ನು ಕಲಿಸುತ್ತಾರೆಂದು ಕೇಳಿ, ಯಾರಿಗೂ ಹೇಳದೆ ಹೆಸರು ಬರೆಸಿ ಬಂದೆ.

"ಸಗಣಿ ಕಲಸೋಕೆ ಪಿಯುಸಿ ಯಾಕೆ ಓದ್ಬೇಕಿತ್ತು?" ಎಂದು ಅಮ್ಮ ರೇಗಿದರು. ಅಪ್ಪ ಬುತ್ತಿ ಎತ್ತಿಕೊಂಡು ಪಾಳಿಗೆ ಹೊರಟರು.

ಕಲಿಸುತ್ತಿದ್ದವರು ಗಣಿಯಿಂದ ನಿವೃತ್ತರಾದ ಗಾರೆ ಮೇಸ್ತ್ರಿ. ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವರು, ನಮ್ಮನ್ನು ಅಕ್ಕರೆಯಿಂದ 'ಕಣ್ಣು' ಎನ್ನುವರು. ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟಿ ಸಗಣಿ ಬಗ್ಗಡ ತುಂಬಿಸಿದರೆ, ಅದು ಕೊಳೆತು ಬರುವ ಗ್ಯಾಸು ಕೊಳವೆಯಲ್ಲಿ ಅಡುಗೆಮನೆಗೆ ಹೋಗಬೇಕು. ಕೊನೆಯ ಪರೀಕ್ಷೆಗೆ ಒಂದು ಮನೆಯವರಿಗೆ ಅದನ್ನು ಕಟ್ಟಿಕೊಡಬೇಕಿತ್ತು. ಹುಡುಗಿಯರೇ ಇದ್ದ ನಮ್ಮ ತಂಡಕ್ಕೆ ಸಿಕ್ಕಿದ್ದು ಬೂದಿಕೋಟೆಯ ಒಂದು ಮನೆಯ ಹಿತ್ತಲು. ಮನೆಯೊಡತಿಗೆ ನಾಲ್ಕು ಹಸು, ಒಲೆಯ ಹೊಗೆಗೆ ಸದಾ ಕೆಂಪಗಿರುವ ಕಣ್ಣು, ದೊಡ್ಡ ಗಂಟಲು.

"ಎಣ್ಮಕ್ಳು ಕಟ್ಟಿದ್ದು ನಿಲ್ತದೇನಮ್ಮಾ?"

"ನಿಲ್ಲುತ್ತೆ ಅಮ್ಮಾ" ಎಂದೆ ಜಂಬದಿಂದ.

ಗುಮ್ಮಟ ನಿಂತಿತು. ಬಗ್ಗಡ ತುಂಬಿಸಿದೆವು. ಆಮೇಲಿನ ಮೂರು ವಾರ ಬಂಗಾರಪೇಟೆಯಿಂದ ಬಸ್ಸು ಹತ್ತಿ ಎರಡು ದಿನಕ್ಕೊಮ್ಮೆ ಹೋಗಿ ಕಡ್ಡಿ ಗೀರುತ್ತಿದ್ದೆ. ಹೊತ್ತಲಿಲ್ಲ. ಮೊದಲು ಬರುವ ಗ್ಯಾಸು ಉರಿಯುವುದಿಲ್ಲ, ಬಿಟ್ಟುಬಿಡು ಎಂದರು ಮೇಸ್ತ್ರಿ. ಬಿಟ್ಟೆ. ಆಮೇಲೆ ಒಲೆಯಲ್ಲಿ ಗ್ಯಾಸೇ ಬರಲಿಲ್ಲ.

"ನನ್ ಸಗಣಿಯೂ ಓಯ್ತು, ಇತ್ಲೂ ಓಯ್ತು" ಎಂದು ಮನೆಯೊಡತಿ ಬೀದಿಗೆ ಕೇಳುವಂತೆ ಕೂಗಿದರು.

ಮೇಸ್ತ್ರಿ ಗುಮ್ಮಟದ ಮೇಲಿನ ಮಣ್ಣು ಸರಿಸಿ ಸೋಪಿನ ನೀರು ಸುರಿದರು. ಕೊಳವೆ ಸೇರುವ ಕಡೆ ಗುಳ್ಳೆ ಎದ್ದವು; ಗ್ಯಾಸು ಅಲ್ಲಿಂದಲೇ ಸೋರುತ್ತಿತ್ತು. ಆ ಭಾಗಕ್ಕೆ ಒಳಗಿನಿಂದ ಗಿಲಾವು ಮಾಡಿದವಳು ನಾನು. ಬಂಗಾರಪೇಟೆಯಿಂದ ಮನೆಗೆ ಹೋಗುವ ಸಂಜೆಯ ಟ್ರೈನು ತಪ್ಪುತ್ತದೆಂದು ಕೊನೆಯ ಪದರ ಬಿಟ್ಟು, ಆಗಿದೆ ಎಂದು ಸುಳ್ಳು ಹೇಳಿದ್ದೆ. ನಾನು ಬಾಯಿ ಬಿಡದಿದ್ದರೆ ತಪ್ಪು ಇಡೀ ತಂಡದ ಮೇಲೆ ಬೀಳುತ್ತಿತ್ತು.

"ನಾನು ಮಾಡಿದ್ದು ಮೇಸ್ತ್ರಿ. ಕೊನೇ ಕೋಟಿಂಗ್ ಹಾಕ್ಲಿಲ್ಲ" ಎಂದೆ, ಮನೆಯೊಡತಿಯ ಎದುರಿಗೇ.

ಮೇಸ್ತ್ರಿ ಒಂದು ಬಕೆಟ್ಟು ತಂದು ನನ್ನ ಕೈಗಿಟ್ಟರು. ಬಗ್ಗಡವನ್ನೆಲ್ಲ ಬಕೆಟ್ಟಿನಲ್ಲಿ ಎತ್ತಿ ಹಾಕಿದೆವು. ಸ್ವಲ್ಪ ಹೊತ್ತಾದ ಮೇಲೆ ಮನೆಯೊಡತಿ ತಾವೂ ಸೆರಗು ಸಿಕ್ಕಿಸಿಕೊಂಡು ಸಾಲಿಗೆ ನಿಂತರು. ಗುಂಡಿ ಖಾಲಿಯಾದ ಕೂಡಲೇ ಇಳಿಯಲು ಹೋದೆ. ಮೇಸ್ತ್ರಿ ನನ್ನ ರಟ್ಟೆ ಹಿಡಿದು ಎಳೆದರು.

"ಸಾಯ್ತಿಯಾ ಕಣ್ಣು? ಗಣೀಲಿ ಗಾಳಿ ಕೆಟ್ಟು ಸತ್ತೋರ್‌ನ ನಾನೇ ಮೇಲಕ್ಕೆ ತಂದಿದೀನಿ. ನಿನ್ನ ಅವಸರಾನೇ ನಿನ್ ರೋಗ."

ಎರಡು ದಿನ ಗುಂಡಿ ತೆರೆದೇ ಇತ್ತು. ಮೂರನೆಯ ದಿನ ಮೇಸ್ತ್ರಿ ಒಂದು ಕೋಳಿಯನ್ನು ಬುಟ್ಟಿಯಲ್ಲಿ ಇಳಿಬಿಟ್ಟು ಕಾದರು. ಅದು ಕೊಕ್ಕೊಕ್ ಎನ್ನುತ್ತಲೇ ಮೇಲೆ ಬಂದ ಮೇಲೆ, ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡು ಇಳಿಸಿದರು. ಬಿಟ್ಟಿದ್ದ ಪದರ ಹಾಕಿ ಮುಗಿಸುವವರೆಗೆ ಆ ದಿನ ಟ್ರೈನಿನ ನೆನಪೇ ಬರಲಿಲ್ಲ.

ಮತ್ತೆ ತುಂಬಿಸಿ, ಮತ್ತೆ ಕಾದು, ಒಂದು ಬೆಳಿಗ್ಗೆ ಕಡ್ಡಿ ಗೀರಿದಾಗ ಒಲೆಯ ಸುತ್ತ ನೀಲಿ ಉರಿ ಹತ್ತಿತು. ಮನೆಯೊಡತಿ ಹಾಲಿನ ಪಾತ್ರೆ ಇಟ್ಟು, "ಒಗೆನೇ ಇಲ್ವಲ್ಲಮ್ಮಾ!" ಎಂದು ಬಗ್ಗಿ ಬಗ್ಗಿ ನೋಡಿದರು. ನನಗೆ ಅಳು ಬಂತು.

ಮುಂದಿನ ವರ್ಷ ಮೇಸ್ತ್ರಿ ನನ್ನನ್ನು ಕೇಂದ್ರದಲ್ಲಿ ಕಲಿಸಲು ಕರೆದರು. ಅಪ್ಪ ಒಂದು ಭಾನುವಾರ ಬೂದಿಕೋಟೆಗೆ ಬಂದು ಆ ಗುಂಡಿಯ ಸುತ್ತ ಎರಡು ಸಲ ನಡೆದು, "ಗಣಿ ಮುಚ್ಚಿದ್ಮೇಲೆ ನಂಗೂ ಕಲಿಸ್ತೀಯಾ?" ಎಂದು ಕೇಳಿದರು. ಅವರು ನಗುತ್ತಿರಲಿಲ್ಲ.